ಉದ್ದನೆಯ ಹೊರೆಗಳನ್ನು ಪಕ್ಕದಿಂದ ಹೇರುವ ಕ್ರಮ

ಸಸಿಯನ್ನು ನೆಟ್ಟು, ಬೇಲಿ ಕಟ್ಟಿ, ಹತ್ತು ಹದಿನೈದು ವರ್ಷ ಕಾದು ಬೆಳೆಯಿಸಿದ ಮರವು ಕಡಿದು ಬಿದ್ದ ದಿನದಿಂದ ಪೇಟೆಯನ್ನು ಸೇರುವ ದಿನದವರೆಗೆ ಯಾರ ಕೈಯಲ್ಲಿ ಹೇಗೆ ಸಾಗುತ್ತದೆಂಬುದನ್ನು ವಿಚಾರಿಸುವ ಭೂಮಾಲಿಕರು ವಿರಳ. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್, ಕೋಲಾರದ ಕಡೆಯಲ್ಲಿ ಸರ್ವೆ, ಮಲೆನಾಡಿನಲ್ಲಿ ಬಿದಿರು ಮತ್ತು ಮುಪ್ಪಾದ ಅಡಕೆಮರ, ಬಯಲುಸೀಮೆಯಲ್ಲಿ ಕೊಳವೆಬಾವಿಯ ಪೈಪು, ಇವೆಲ್ಲವೂ ಉದ್ದನೆಯ ಹೊರೆಗಳೇ ಆಗಿವೆ. ಇವುಗಳನ್ನು ಎತ್ತುವಾಗಲೂ ಇಳಿಸುವಾಗಲೂ ಆಳುಗಳ ಕೈಕಾಲು ಮುರಿಯುವುದು, ಕೆಲವು ವೇಳೆ ಪ್ರಾಣಹಾನಿಯೇ ಆಗುವುದು ಗ್ರಾಮಗಳಲ್ಲಿ ಕೇಳಿಬರುವ ಸಂಗತಿ. ಅಂತಹ ಸಂದರ್ಭಗಳಲ್ಲಿ ಗ್ರಹಚಾರವೆಂದು ಹೇಳಿ ಸುಮ್ಮನಾಗುವುದುಂಟು. ಆದರೆ ವಿಚಾರಿಸಿ ನೋಡಿದಲ್ಲಿ ಬಹುತೇಕ ಎರಡೇ ಕಾರಣಗಳು ಕಂಡುಬರುತ್ತವೆ: ಹೊರೆಯ ಉದ್ದವು ದಾರಿಗೆ ಅಡ್ಡವಾಗಿದ್ದಿತು, ಇಲ್ಲವೆ ಹೊರೆಯ ತೂಕವನ್ನು ಯಾರೂ ಸರಿಯಾಗಿ ಎಣಿಸಿರಲಿಲ್ಲ.

ಉದ್ದನೆಯ ಹೊರೆಯ ಸ್ವಭಾವವು ಚೀಲದ ಅಥವಾ ಪೆಟ್ಟಿಗೆಯ ಸ್ವಭಾವದಂತಲ್ಲ. ಅರವತ್ತು ಕಿಲೋ ತೂಕದ ಗೊಬ್ಬರದ ಚೀಲವನ್ನು ಹೊತ್ತವನು ತಿರುಗಿದರೆ ಚೀಲವೂ ಅವನೊಡನೆ ತಿರುಗುತ್ತದೆ, ಅಷ್ಟೇ. ಆರು ಮೀಟರ್ ಉದ್ದದ ಗಳುವನ್ನು ಹೊತ್ತವನು ಒಂದು ಹೆಜ್ಜೆ ಓರೆಯಾದರೆ ಗಳುವಿನ ತುದಿಯು ಹಲವು ಅಡಿಗಳಷ್ಟು ಬೀಸಿ ಎದುರಿದ್ದವನನ್ನು ಹೊಡೆಯುತ್ತದೆ. ನಾಲ್ಕಾರು ಮಂದಿ ಹೆಗಲು ಕೊಟ್ಟು ದಿಮ್ಮಿಯನ್ನು ಒಯ್ಯುವಾಗ ಭಾರವು ಸಮನಾಗಿ ಹಂಚಿದೆಯೆಂದು ನಾವು ಭಾವಿಸುತ್ತೇವೆ. ನೆಲವು ತಗ್ಗುದಿಣ್ಣೆಯಾದೆಡೆಯಲ್ಲಿ ನಡುವಿನವರ ಹೆಗಲಿಗೆ ದಿಮ್ಮಿಯು ತಗುಲುವುದೇ ಇಲ್ಲ. ಇಡಿಯ ಭಾರವು ಮುಂದಿನ ಮತ್ತು ಹಿಂದಿನ ಇಬ್ಬರ ಮೇಲೆ ಬೀಳುತ್ತದೆ. ಅವರಲ್ಲಿ ಒಬ್ಬನು ಎಡವಿದರೆ ಮಿಕ್ಕವರ ಗತಿಯನ್ನು ಹೇಳಬೇಕಾದುದಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿ ಹೊರಡಿಸಿದ ಶಿಫಾರಸಿನಲ್ಲಿ ವಯಸ್ಕನಾದ ಗಂಡಾಳು ಹೊರುವ ಭಾರಕ್ಕೆ 55 ಕಿಲೋ ಎಂಬ ಮಿತಿಯನ್ನು ಸೂಚಿಸಲಾಗಿದೆ. ಆ ಮಿತಿಯನ್ನು ಮುಂದೆ ಹೇಳುವ ಲೆಕ್ಕದೊಡನೆ ಹೋಲಿಸಿ ನೋಡತಕ್ಕದ್ದು.

ಈ ತೊಂದರೆಗೆ ಯಂತ್ರವೇ ಪರಿಹಾರವೆಂದು ಹೇಳಿ, ಸಾಮಿಲ್ಲುಗಳಲ್ಲಿಯೂ ಉಗ್ರಾಣಗಳಲ್ಲಿಯೂ ಇರುವ ಸಾಧಾರಣ ಫೋರ್ಕ್‌ಲಿಫ್ಟನ್ನು ಬಾಡಿಗೆಗೆ ತರುವ ಯೋಚನೆಯನ್ನು ಕೆಲವರು ಮಾಡುತ್ತಾರೆ. ಆ ಯಂತ್ರದ ಮುಂಭಾಗದಲ್ಲಿ ನಾಲಗೆಯಂತೆ ಚಾಚಿರುವ ಎರಡು ಉಕ್ಕಿನ ಫೋರ್ಕುಗಳಿರುತ್ತವೆ. ಹೊರೆಯು ಮುಂದಿನ ಗಾಲಿಗಳ ಮುಂದೆ ನಿಲ್ಲುತ್ತದೆ. ಹಿಂದೆ ಇಟ್ಟಿರುವ ಕಬ್ಬಿಣದ ಭಾರವು ಅದಕ್ಕೆ ತಡೆಯಾಗುತ್ತದೆ. ಮುಂದಿನ ಗಾಲಿಯೇ ತಕ್ಕಡಿಯ ಮುಳ್ಳು ಎಂದು ತಿಳಿದರೆ ಸಾಕು. ಆದುದರಿಂದ ಹೊರೆಯ ಮಧ್ಯವು ಗಾಲಿಯಿಂದ ದೂರ ಸರಿದಷ್ಟೂ ಯಂತ್ರದ ಶಕ್ತಿಯು ಕುಂದುತ್ತದೆ. 3000 ಕಿಲೋ ಎತ್ತಬಲ್ಲುದೆಂದು ಫಲಕದಲ್ಲಿ ಬರೆದಿರುವ ಯಂತ್ರವು, ಹೊರೆಯ ಮಧ್ಯವು ಫೋರ್ಕಿನ ಬುಡದಿಂದ ಅರ್ಧ ಮೀಟರ್ ದೂರದಲ್ಲಿದ್ದರೆ ಮಾತ್ರ ಅಷ್ಟನ್ನು ಎತ್ತಬಲ್ಲುದು. ಫೋರ್ಕಿನ ಬುಡಕ್ಕೂ ಗಾಲಿಯ ಅಚ್ಚಿಗೂ ಇನ್ನರ್ಧ ಮೀಟರ್ ಎಂದಿಟ್ಟುಕೊಂಡರೆ ಒಟ್ಟು ದೂರವು ಒಂದು ಮೀಟರ್. ಆರು ಮೀಟರ್ ದಿಮ್ಮಿಯನ್ನು ತುದಿಯಿಂದ ಹಿಡಿದು ಮುಂದಕ್ಕೆ ಚಾಚಿದರೆ ದಿಮ್ಮಿಯ ಮಧ್ಯವು ಅಚ್ಚಿನಿಂದ ಮೂರೂವರೆ ಮೀಟರ್ ದೂರದಲ್ಲಿರುವುದು. 3000ವನ್ನು ಮೂರೂವರೆಯಿಂದ ಭಾಗಿಸಿದರೆ ಸುಮಾರು 857 ಕಿಲೋ ಆಗುತ್ತದೆ. ಅದನ್ನು ಮೀರಿದರೆ ಯಂತ್ರದ ಹಿಂಭಾಗವು ಮೇಲೇಳುವುದು. ವಾಸ್ತವದಲ್ಲಿ ಅಷ್ಟು ಚಾಚಿದ ದಿಮ್ಮಿಯು ಫೋರ್ಕುಗಳ ಮೇಲೆ ನಿಲ್ಲುವುದೂ ಇಲ್ಲ.

ದಿಮ್ಮಿಯನ್ನು ಯಂತ್ರದ ಮುಂದೆ ಅಡ್ಡವಾಗಿ ಹಿಡಿದರೆ ಮೇಲಿನ ದೋಷವಿಲ್ಲ. ಆದರೆ ಆಗ ಆರು ಮೀಟರ್ ದಿಮ್ಮಿಗೆ ಆರು ಮೀಟರಿಗಿಂತ ಅಗಲವಾದ ದಾರಿ ಬೇಕು. ತಿರುವಿನಲ್ಲಿ ಎರಡು ತುದಿಗಳೂ ಬೀಸುತ್ತವೆ. ಒಂದು ಗಾಲಿಯು ಕುಳಿಯಲ್ಲಿ ಇಳಿದರೆ ಒಂದು ತುದಿಯು ನೆಲಕ್ಕೆ ತಾಗಿ, ದಿಮ್ಮಿಯು ಚಕ್ರದಂತೆ ತಿರುಗಿ ಬೀಳುತ್ತದೆ. ಟ್ರಾಕ್ಟರಿನ ಮುಂಭಾಗಕ್ಕೆ ಲೋಡರನ್ನು ಜೋಡಿಸಿ, ಬಿದಿರಿನ ಹೊರೆಯನ್ನು ಅಡ್ಡಲಾಗಿ ಹಿಡಿದುಕೊಂಡು ಊರ ಬೀದಿಯಲ್ಲಿ ಬರುವವರನ್ನು ನಾವು ಕಂಡಿದ್ದೇವೆ. ಮಕ್ಕಳು ಶಾಲೆಯಿಂದ ಬರುವ ವೇಳೆಯಲ್ಲಿ ಇಂತಹ ಸಾಗಾಣಿಕೆಯನ್ನು ಗ್ರಾಮದ ಮುಖ್ಯಸ್ಥರು ನಿರ್ದಾಕ್ಷಿಣ್ಯವಾಗಿ ನಿಲ್ಲಿಸತಕ್ಕದ್ದು.

ಈ ಭೇದವು ನಮ್ಮ ಆನೆಗಳಿಗೂ ಅವುಗಳ ಮಾವುತರಿಗೂ ಚೆನ್ನಾಗಿ ತಿಳಿದಿದ್ದಿತು. ದುಬಾರೆಯೇ ಮೊದಲಾದ ಶಿಬಿರಗಳ ಆನೆಗಳು ಹಿಂದೆ ಅರಣ್ಯ ಇಲಾಖೆಯ ನಾಟಾ ಕೆಲಸವನ್ನು ಮಾಡುತ್ತಿದ್ದಾಗ, ಬಯಲಾದ ಡಿಪೋದಲ್ಲಿ ದಿಮ್ಮಿಯನ್ನು ದಂತಗಳ ಮೇಲೆ ಅಡ್ಡವಾಗಿ ಇಟ್ಟುಕೊಂಡು ಸೊಂಡಿಲಿನಿಂದ ಒತ್ತಿ ಹಿಡಿಯುವುದುಂಟು. ಕಾಡಿನ ಇಕ್ಕಟ್ಟು ದಾರಿಯಲ್ಲಿಯಾದರೋ ಸರಪಣಿ ಕಟ್ಟಿ ಉದ್ದುದ್ದವಾಗಿ ಎಳೆಯುವುದೇ ಪದ್ಧತಿ. ಅಡ್ಡವಾಗಿ ಹೊತ್ತು ಮರಗಳ ನಡುವೆ ನುಗ್ಗುವ ಆನೆಯನ್ನು ಯಾರೂ ಕಂಡಿರಲಾರರು. ಸಾಧಾರಣ ಫೋರ್ಕ್‌ಲಿಫ್ಟು ಡಿಪೋದ ಆನೆಯಂತೆ. ಇಕ್ಕಟ್ಟು ದಾರಿಗೆ ಬೇರೊಂದು ಯಂತ್ರವು ಬೇಕಾಯಿತು.

ಅದುವೇ ಸೈಡ್ ಲೋಡರ್, ಎಂದರೆ ಪಕ್ಕದಿಂದ ಹೇರಿಕೊಳ್ಳುವ ಫೋರ್ಕ್‌ಲಿಫ್ಟ್. ಇಂಗ್ಲೆಂಡಿನ ಲೀಟನ್ ಬಜರ್ಡ್ ಎಂಬ ಪಟ್ಟಣದಲ್ಲಿ ಬೋಮನ್-ಷಾ ಸಹೋದರರು 1957ರಲ್ಲಿ ಸ್ಥಾಪಿಸಿದ ಲ್ಯಾನ್ಸರ್ ಬಾಸ್ ಕಂಪೆನಿಯು ಈ ಬಗೆಯ ಯಂತ್ರಗಳಿಗೆ ಹೆಸರಾಗಿದ್ದಿತು. 1994ರಲ್ಲಿ ಅದು ಜರ್ಮನಿಯ ಯುಂಗ್‌ಹೈನ್‌ರಿಖ್ ಕಂಪೆನಿಯ ವಶವಾಯಿತು. ನೋಡುವುದಕ್ಕೆ ಈ ಯಂತ್ರವು ಚಿಕ್ಕದೊಂದು ಲಾರಿಯಂತಿರುತ್ತದೆ. ಚಾಲಕನ ಕೋಣೆಯು ಮುಂಭಾಗದ ಒಂದು ಮೂಲೆಯಲ್ಲಿರುತ್ತದೆ. ಅದರ ಬದಿಗೂ ಹಿಂದಕ್ಕೂ ತಗ್ಗಾದ, ಉದ್ದವಾದ ಹಾಸು. ಆ ಹಾಸಿನ ನಡುವೆ ಅಡ್ಡಲಾಗಿ ಒಂದು ಸೀಳು ಇರುತ್ತದೆ. ಆ ಸೀಳಿನಲ್ಲಿ ಎತ್ತುವ ಕಂಬವು ಹಳಿಗಳ ಮೇಲೆ ಯಂತ್ರದ ಬದಿಗೆ ಚಾಚಿಕೊಳ್ಳುವುದು, ಮತ್ತೆ ಒಳಕ್ಕೆ ಸರಿಯುವುದು.

ಕೆಲಸ ನಡೆಯುವ ಕ್ರಮವು ಹೀಗಿದೆ. ಚಾಲಕನು ಯಂತ್ರವನ್ನು ಒಟ್ಟಿದ ದಿಮ್ಮಿಗಳ ಪಕ್ಕದಲ್ಲಿ, ಅವುಗಳ ಉದ್ದಕ್ಕೆ ಸಮನಾಗಿ ತಂದು ನಿಲ್ಲಿಸುತ್ತಾನೆ. ಭಾರವು ಹೆಚ್ಚಾಗಿದ್ದರೆ, ಹೊರೆಯಿರುವ ಬದಿಯ ಜಾಕುಗಳನ್ನು ನೆಲಕ್ಕೆ ಊರುತ್ತಾನೆ. ಬಳಿಕ ಕಂಬವು ಹೊರಕ್ಕೆ ಚಾಚಿ, ಫೋರ್ಕುಗಳು ದಿಮ್ಮಿಯ ಅಡಿಯಲ್ಲಿ ಹೊಕ್ಕು, ಹೊರೆಯನ್ನು ಹಾಸಿನ ಮಟ್ಟಕ್ಕಿಂತ ತುಸು ಮೇಲೆತ್ತುತ್ತವೆ. ಕಂಬವು ಒಳಕ್ಕೆ ಸರಿಯುತ್ತದೆ. ಹೊರೆಯು ಇಳಿದು ಹಾಸಿನ ಮೇಲೆ ಉದ್ದುದ್ದವಾಗಿ ಮಲಗುತ್ತದೆ. ಜಾಕುಗಳನ್ನು ಮೇಲೆತ್ತಿಕೊಂಡು ಯಂತ್ರವು ಮುಂದೆ ಸಾಗುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಸಾಗುವಾಗ ಭಾರವನ್ನು ಫೋರ್ಕುಗಳು ಹೊತ್ತಿರುವುದಿಲ್ಲ. ನಾಲ್ಕು ಗಾಲಿಗಳ ನಡುವಿನ ಹಾಸು ಹೊತ್ತಿರುತ್ತದೆ. ಭಾರವು ತಗ್ಗಿನಲ್ಲಿದೆ, ಹಾಸಿನ ಮೇಲೆ ಎರಡು ಮೂರು ಕಡೆ ಆಧಾರವಿದೆ, ಉದ್ದವು ದಾರಿಯ ದಿಕ್ಕಿಗೇ ಇದೆ. ಯಂತ್ರದ ಅಗಲಕ್ಕಿಂತ ಸ್ವಲ್ಪ ಹೆಚ್ಚಾದ ಓಣಿಯಿದ್ದರೆ ಆರು ಮೀಟರ್ ದಿಮ್ಮಿಯೂ ಹೋಗುತ್ತದೆ, ಒಂಬತ್ತು ಮೀಟರ್ ದಿಮ್ಮಿಯೂ ಹೋಗುತ್ತದೆ.

ಓಣಿಯು ಕಿರಿದಾದರೆ ಜಾಗವು ಎಷ್ಟು ಉಳಿಯುವುದೆಂಬುದನ್ನು ಉದಾಹರಣೆಯಿಂದ ನೋಡಬಹುದು. 45 ಮೀಟರ್ ಅಗಲದ ಡಿಪೋದಲ್ಲಿ ಒಂದು ಮೀಟರ್ ಅಗಲದ ಒಟ್ಟಲುಗಳನ್ನು ಓಣಿಯ ಎರಡು ಬದಿಗೂ ಹಾಕಬೇಕಾಗಿದೆ. ಆರು ಮೀಟರ್ ದಿಮ್ಮಿಯನ್ನು ಅಡ್ಡವಾಗಿ ಒಯ್ಯುವ ಯಂತ್ರಕ್ಕೆ ಏಳು ಮೀಟರಾದರೂ ಓಣಿ ಬಿಡಬೇಕು. ಎರಡು ಒಟ್ಟಲು ಸೇರಿ ಒಂಬತ್ತು ಮೀಟರ್. ಅಂದರೆ ಐದು ಓಣಿ, ಹತ್ತು ಒಟ್ಟಲು. ಪಕ್ಕದಿಂದ ಹೇರುವ ಯಂತ್ರಕ್ಕೆ ಮೂರು ಮೀಟರ್ ಓಣಿಯನ್ನು ಬಿಟ್ಟರೆ ಒಟ್ಟು ಐದೇ ಮೀಟರ್. ಒಂಬತ್ತು ಓಣಿ, ಹದಿನೆಂಟು ಒಟ್ಟಲು.

ಇಷ್ಟು ಹೇಳಿದ ಮಾತ್ರಕ್ಕೆ ಈ ಯಂತ್ರವು ಸರ್ವಗುಣ ಸಂಪನ್ನವೆಂದು ತಿಳಿಯಬಾರದು. ಮೊದಲನೆಯದಾಗಿ, ಅದು ಒಂದೇ ಬದಿಯಿಂದ ಹೇರಬಲ್ಲುದು. ಓಣಿಯ ಎದುರು ಬದಿಯ ದಿಮ್ಮಿ ಬೇಕಾದರೆ ಹೊರಕ್ಕೆ ಹೋಗಿ, ಮತ್ತೊಂದು ತುದಿಯಿಂದ ಒಳಕ್ಕೆ ಬರಬೇಕು. ಆದುದರಿಂದ ಪ್ರತಿ ಓಣಿಯ ಎರಡು ಕೊನೆಗಳೂ ತೆರೆದಿರಬೇಕು, ಅಲ್ಲಿ ತಿರುಗುವುದಕ್ಕೆ ಧಾರಾಳವಾದ ಸ್ಥಳವಿರಬೇಕು. ಮೇಲಿನ ಲೆಕ್ಕದಲ್ಲಿ ಉಳಿದ ಜಾಗದ ಒಂದು ಪಾಲು ಇದಕ್ಕೆ ಹೋಗುತ್ತದೆ. ಈ ನ್ಯೂನತೆಯನ್ನು ನಿವಾರಿಸುವುದಕ್ಕಾಗಿ, ಗಾಲಿಗಳನ್ನೇ ತಿರುಗಿಸಿ ಮುಂದಕ್ಕೂ ಪಕ್ಕಕ್ಕೂ ನಡೆಯಬಲ್ಲ ಯಂತ್ರಗಳು ಬಂದಿವೆ. ಐರ್ಲೆಂಡಿನ ಮೊನಹನ್ ಎಂಬಲ್ಲಿ ಮಾರ್ಟಿನ್ ಮೆಕ್‌ವಿಕರ್ ಮತ್ತು ರಾಬರ್ಟ್ ಮಾಫೆಟ್ ಎಂಬವರು 1998ರಲ್ಲಿ ಸ್ಥಾಪಿಸಿದ ಕಾಂಬಿಲಿಫ್ಟ್ ಕಂಪೆನಿಯು ಇವುಗಳಿಗೆ ಪ್ರಸಿದ್ಧವಾದುದು. ಎರಡನೆಯದಾಗಿ, ಇವೆಲ್ಲಕ್ಕೂ ಗಟ್ಟಿಯಾದ ಸಮತಟ್ಟು ನೆಲವು ಅವಶ್ಯಕ. ಕಂಬವು ಪಕ್ಕಕ್ಕೆ ಚಾಚಿದ ಗಳಿಗೆಯಲ್ಲಿ ಭಾರವೆಲ್ಲವೂ ಆ ಬದಿಯ ಗಾಲಿಗಳ ಮೇಲೂ ಜಾಕುಗಳ ಮೇಲೂ ಬೀಳುತ್ತದೆ. ಮಳೆಗಾಲದ ಎರೆಮಣ್ಣಿನಲ್ಲಿ ಜಾಕು ಇಳಿದರೆ ಯಂತ್ರವು ಮಗುಚುವುದು. ಇಳಿಜಾರಿನ ತೋಟಗಳಲ್ಲಿ ಇದರ ಮಾತೇ ಸಲ್ಲದು. ಬೆಲೆಯೂ ಸಾಧಾರಣ ಫೋರ್ಕ್‌ಲಿಫ್ಟಿನ ಬೆಲೆಗಿಂತ ಬಹಳ ಹೆಚ್ಚು. ಒಬ್ಬ ಭೂಮಾಲಿಕನು ತನ್ನ ತೋಟದ ಸಲುವಾಗಿ ಇದನ್ನು ಕೊಳ್ಳುವುದು ವಿವೇಕವಲ್ಲವೆಂದೇ ನಮ್ಮ ಅಭಿಪ್ರಾಯ. ವರ್ಷವಿಡೀ ನಾಟಾ ಬಂದು ಹೋಗುವ ಡಿಪೋ, ಸಾಮಿಲ್ಲು ಅಥವಾ ಸಹಕಾರ ಸಂಘದ ಉಗ್ರಾಣಕ್ಕೆ ಮಾತ್ರ ಇದು ಯೋಗ್ಯವಾದುದು.

ಯಂತ್ರವಾಗಲಿ ಆಳಾಗಲಿ, ಎತ್ತುವ ಮೊದಲು ತೂಕವನ್ನು ತಿಳಿಯಬೇಕು. ಈ ವಿಷಯದಲ್ಲಿ ನಮ್ಮ ರೈತರು ಸಾಮಾನ್ಯವಾಗಿ ಮೋಸಹೋಗುವ ಒಂದು ಅಂಶವಿದೆ. ನಾಟಾ ವ್ಯಾಪಾರದಲ್ಲಿ ದಿಮ್ಮಿಯ ನಡುವಿನ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದುದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವ ಪದ್ಧತಿಯುಂಟಷ್ಟೆ. ಆರು ಮೀಟರ್ ಉದ್ದ, 120 ಸೆಂಟಿಮೀಟರ್ ಸುತ್ತಳತೆಯ ದಿಮ್ಮಿಗೆ ಈ ಲೆಕ್ಕದಿಂದ 0.54 ಘನ ಮೀಟರ್ ಆಗುತ್ತದೆ. ಕ್ರಯ ಮಾಡುವುದಕ್ಕೆ ಇದು ಸಾಕು. ಆದರೆ ದಿಮ್ಮಿಯ ನಿಜವಾದ ಗಾತ್ರವು ಸುಮಾರು 0.69 ಘನ ಮೀಟರ್. ವ್ಯಾಪಾರದ ಅಳತೆಯು ನಿಜವಾದ ಗಾತ್ರದಲ್ಲಿ ಶೇಕಡ 21ಕ್ಕೂ ಹೆಚ್ಚು ಭಾಗವನ್ನು ಬಿಟ್ಟುಬಿಡುತ್ತದೆ. ಸಾಗಿಸುವವನ ಬೆನ್ನಿಗೆ ಆ ವಿನಾಯಿತಿ ಇಲ್ಲ! ಹಸಿಯ ಮರವು ನೀರಿನಷ್ಟೇ ಭಾರವೆಂದು ಹಿಡಿದು, ಘನ ಮೀಟರಿಗೆ 1000 ಕಿಲೋ ಎಂದು ಎಣಿಸುವುದು ಕ್ಷೇಮಕರ. ಹಾಗೆ ಎಣಿಸಿದರೆ ಮೇಲ್ಕಂಡ ದಿಮ್ಮಿಯು ಸುಮಾರು 690 ಕಿಲೋ ತೂಗುತ್ತದೆ. 55 ಕಿಲೋ ಮಿತಿಯ ಪ್ರಕಾರ ಹದಿಮೂರು ಆಳುಗಳ ಹೊರೆ. ಆರು ಮಂದಿಯನ್ನು ಕರೆತಂದು ಇದನ್ನು ಹೊರಿಸುವ ಯಜಮಾನರು ಈ ಸಂಖ್ಯೆಯನ್ನು ಗಮನಕ್ಕೆ ತಂದುಕೊಳ್ಳಬೇಕು. ಕಡಿದ ಮರವನ್ನು ಕೆಲವು ವಾರ ಒಣಗಲು ಬಿಟ್ಟರೆ ತೂಕವು ಇಳಿಯುವುದೂ ನಿಜ; ಅವಸರವಿಲ್ಲದವರು ಹಾಗೆ ಮಾಡಬಹುದು.

ಇನ್ನು ಯಂತ್ರವಿಲ್ಲದವರ ವಿಚಾರ. ಸೈಡ್ ಲೋಡರಿನ ತತ್ತ್ವವು, ಎಂದರೆ ಉದ್ದನೆಯ ಹೊರೆಯನ್ನು ಗಾಡಿಗೆ ಸಮನಾಗಿಟ್ಟು ಪಕ್ಕದಿಂದ ಏರಿಸುವ ತತ್ತ್ವವು, ಎರಡು ತೊಲೆ ಮತ್ತು ಎರಡು ಹಗ್ಗಗಳಿಂದಲೂ ಸಾಧ್ಯವಾಗತಕ್ಕದ್ದು. ಟ್ರೈಲರಿನ ಒಂದು ಬದಿಯ ಹಲಗೆಯನ್ನು ತೆಗೆದು, ನಾಲ್ಕು ಮೀಟರ್ ಉದ್ದದ ಎರಡು ಗಟ್ಟಿ ತೊಲೆಗಳನ್ನು ಹಾಸಿನಿಂದ ನೆಲಕ್ಕೆ ಓರೆಯಾಗಿ ನಿಲ್ಲಿಸಬೇಕು. ತೊಲೆಗಳ ಮೇಲ್ತುದಿಯನ್ನು ಹಾಸಿಗೆ ಭದ್ರವಾಗಿ ಕಟ್ಟಬೇಕು; ಟ್ರೈಲರಿನ ಗಾಲಿಗಳಿಗೆ ಎರಡು ಕಡೆಗಳಲ್ಲಿಯೂ ಕಲ್ಲು ಕೊಡಬೇಕು. ಎರಡು ಹಗ್ಗಗಳ ಒಂದೊಂದು ತುದಿಯನ್ನು ಟ್ರೈಲರಿಗೆ ಕಟ್ಟಿ, ಹಗ್ಗವನ್ನು ತೊಲೆಯ ಮೇಲಿಂದ ಕೆಳಕ್ಕೆ ತಂದು, ದಿಮ್ಮಿಯ ಅಡಿಯಲ್ಲಿ ಸುತ್ತಿಸಿ, ಮೇಲಿನಿಂದ ಹಿಂದಕ್ಕೆ ತಂದು, ಟ್ರೈಲರಿನ ಆಚೆಯ ಬದಿಯಲ್ಲಿ ನಿಂತ ಆಳುಗಳ ಕೈಗೆ ಕೊಡಬೇಕು. ಅವರು ಎಳೆದಂತೆ ದಿಮ್ಮಿಯು ಹಗ್ಗದ ಮಡಿಕೆಯಲ್ಲಿ ಉರುಳಿಕೊಂಡು ತೊಲೆಗಳ ಮೇಲೆ ಏರುತ್ತದೆ.

ಹಾಸಿನ ಎತ್ತರವು ಒಂದು ಮೀಟರ್, ತೊಲೆಯ ಉದ್ದವು ನಾಲ್ಕು ಮೀಟರ್ ಆದುದರಿಂದ 690 ಕಿಲೋ ದಿಮ್ಮಿಯು ಕೆಳಕ್ಕೆ ಜಾರುವ ಬಲವು ಅದರ ನಾಲ್ಕನೆಯ ಒಂದು ಪಾಲು, ಸುಮಾರು 172 ಕಿಲೋ. ಹಗ್ಗದ ಮಡಿಕೆಯು ಅದನ್ನು ಇನ್ನೂ ಅರ್ಧಕ್ಕೆ ಇಳಿಸುತ್ತದೆ: 86 ಕಿಲೋ. ನಾಲ್ವರು ಎಳೆದರೆ ತಲೆಗೆ ಇಪ್ಪತ್ತೆರಡು ಕಿಲೋದಷ್ಟು ಬೀಳುವುದು. ಉಜ್ಜುವಿಕೆಗೆಂದು ಇನ್ನಷ್ಟು ಸೇರಿಸಿಕೊಂಡರೂ ಹದಿಮೂರು ಮಂದಿಯ ಕೆಲಸವನ್ನು ನಾಲ್ವರೋ ಆರು ಮಂದಿಯೋ ಬೆನ್ನು ಬಗ್ಗಿಸದೆ ಮಾಡಬಹುದಾಗಿದೆ. ದಿಮ್ಮಿಯ ದಪ್ಪನೆಯ ಬುಡವು ಒಂದು ಸುತ್ತಿಗೆ ಹೆಚ್ಚು ದೂರ ಉರುಳುವುದರಿಂದ ಬುಡದ ಕಡೆಯ ಹಗ್ಗವನ್ನು ಆಗಾಗ್ಗೆ ತಡೆಹಿಡಿದು, ತುದಿಯ ಕಡೆಯವರು ಸಮನಾಗುವವರೆಗೆ ನಿಲ್ಲಬೇಕು. ಒಬ್ಬನೇ ಮೇಸ್ತ್ರಿಯು ಕೂಗು ಹಾಕಬೇಕು. ಇಬ್ಬರು ಕೂಗಿದರೆ ಅನಾಹುತ.

ಎಲ್ಲಕ್ಕಿಂತಲೂ ಮುಖ್ಯವಾದ ಸಂಗತಿಯನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಏರುತ್ತಿರುವ ದಿಮ್ಮಿಯ ಕೆಳಗಡೆ, ಎರಡು ತೊಲೆಗಳ ನಡುವೆ, ಯಾರೊಬ್ಬರೂ ನಿಲ್ಲಕೂಡದು. ಹೆಗಲು ಕೊಟ್ಟು ನೂಕುವ ಅಭ್ಯಾಸವು ನಮ್ಮಲ್ಲಿ ಬೇರೂರಿದೆ. ಒಂದು ಗ್ರಾಮದಲ್ಲಿ ಹೀಗೆಯೇ ನೂಕುತ್ತಿದ್ದ ಯುವಕನ ಮೇಲೆ ದಿಮ್ಮಿಯು ಹಿಂದಕ್ಕೆ ಉರುಳಿ ಎರಡು ಮೊಣಕಾಲುಗಳೂ ಜಜ್ಜಿಹೋದುವು. ಈ ಲೇಖಕನು ಅಲ್ಲಿಗೆ ಹೋದಾಗ ಹಗ್ಗವು ಪಕ್ಕದ ಮನೆಯ ಜಗಲಿಯ ಮೇಲೆ ಸುರುಳಿ ಸುತ್ತಿ ಇಟ್ಟಂತೆಯೇ ಇದ್ದಿತು. ತರುವುದಕ್ಕೆ ಸಮಯವಿಲ್ಲವೆಂದು ಹೇಳಿದರಂತೆ. ಆ ಯುವಕನು ಈಗ ಕೂತಲ್ಲಿಯೇ ಅಡಕೆ ಸುಲಿಯುತ್ತಾನೆ. ಹಿಂದಕ್ಕೆ ಉರುಳದಂತೆ ಬೆಣೆಯನ್ನು ಕೊಡಬೇಕಾದವರು ತೊಲೆಗಳ ಹೊರಬದಿಯಲ್ಲಿ, ದಿಮ್ಮಿಯ ತುದಿಗಳಿಂದಾಚೆ ನಿಂತು, ಉದ್ದನೆಯ ಹಿಡಿಯುಳ್ಳ ಬೆಣೆಯಿಂದಲೇ ಕೊಡತಕ್ಕದ್ದು. ಇಳಿಸುವಾಗಲೂ ಇದೇ ನಿಯಮ. ಕಟ್ಟು ಬಿಚ್ಚುವ ಮೊದಲು ಇಳಿಸುವ ಬದಿಯಲ್ಲಿ ಯಾರೂ ಇಲ್ಲವೆಂಬುದನ್ನು ಕಣ್ಣಾರೆ ನೋಡಿಕೊಳ್ಳಬೇಕು.

ಹೇರಿದ ಮೇಲೆ ಹೊರೆಯ ಸಮತೋಲವನ್ನು ನೋಡುವುದು ನಮ್ಮ ಗಾಡಿ ಹೊಡೆಯುವವರಿಗೆ ಹೊಸ ವಿಷಯವೇನಲ್ಲ. ಹಿಂಭಾರವಾದ ಬಂಡಿಯ ನೊಗವು ಮೇಲೆದ್ದು ಎತ್ತುಗಳ ಕೊರಳನ್ನು ಕಣ್ಣಿಯು ಬಿಗಿಯುವುದನ್ನು ಎಲ್ಲರೂ ಬಲ್ಲರು. ಎರಡು ಗಾಲಿಯ ಟ್ರೈಲರಿನಲ್ಲಿ ಟ್ರಾಕ್ಟರಿಗೆ ಆಗುವುದೂ ಅದೇ: ಹಿಂದೆ ಚಾಚಿದ ದಿಮ್ಮಿಯು ಮೂಕಿಯನ್ನು ಮೇಲೆತ್ತಿ, ಟ್ರಾಕ್ಟರಿನ ಹಿಂಗಾಲಿಗಳ ಹಿಡಿತವನ್ನೂ ಬ್ರೇಕನ್ನೂ ಕುಂದಿಸುತ್ತದೆ. ಎತ್ತು ಉಸಿರು ಕಟ್ಟಿ ನಿಲ್ಲುತ್ತದೆ, ಟ್ರಾಕ್ಟರು ನಿಲ್ಲುವುದಿಲ್ಲ. ಹೊರೆಯ ಮಧ್ಯವು ಅಚ್ಚಿಗಿಂತ ತುಸು ಮುಂದಿರುವಂತೆ ಹೇರಬೇಕು. ಹೊರೆಯು ಮಿತಿಯನ್ನು ಮೀರಿ ಪಕ್ಕಕ್ಕಾಗಲಿ ಮುಂದಕ್ಕಾಗಲಿ ಹಿಂದಕ್ಕಾಗಲಿ ಚಾಚಿದ್ದರೆ ಮೋಟಾರು ವಾಹನ ಕಾನೂನಿಗೆ 2019ರಲ್ಲಿ ಆದ ತಿದ್ದುಪಡಿಯು 20,000 ರೂಪಾಯಿ ದಂಡವನ್ನು ವಿಧಿಸುತ್ತದೆ. ಹೊರೆ ಇಳಿಸುವ ಖರ್ಚು ಬೇರೆ.

ಗಳು, ಜಂತೆ, ಪೈಪುಗಳನ್ನು ನೆಲದ ಮೇಲೆ ಒಟ್ಟುವಾಗ ಅಡಿಮರಗಳನ್ನು ಇಡುವುದು ಅವಶ್ಯಕ. ಎರಡೇ ಅಡಿಮರಗಳಿದ್ದರೆ ಅವುಗಳನ್ನು ತೀರ ತುದಿಗೆ ಇಡದೆ, ಉದ್ದದ ಐದನೆಯ ಒಂದು ಪಾಲನ್ನು ಎರಡು ಕಡೆಯಲ್ಲಿಯೂ ಬಿಟ್ಟು ಇಡಬೇಕು. ಆರು ಮೀಟರಿಗೆ ತುದಿಯಿಂದ ಒಂದು ಮೀಟರ್ ಇಪ್ಪತ್ತು ಸೆಂಟಿಮೀಟರ್. ಹೀಗೆ ಇಟ್ಟರೆ ಮರವು ಬಾಗುವುದು ಅತ್ಯಲ್ಪ, ಹಗ್ಗವನ್ನಾಗಲಿ ಫೋರ್ಕನ್ನಾಗಲಿ ಅಡಿಯಲ್ಲಿ ತೂರಿಸುವುದೂ ಸುಲಭ. ಬಿಸಿಲಿಗೆ ಮೆತ್ತಗಾಗುವ ಪಿ.ವಿ.ಸಿ. ಪೈಪುಗಳಿಗೆ ಎರಡು ಅಡಿಮರ ಸಾಲದು. ಹತ್ತಿರ ಹತ್ತಿರವಾಗಿ ಹಲವನ್ನು ಇಡಬೇಕು.

ಉದ್ದನೆಯ ಹೊರೆಯನ್ನು ನಿಲುವಾಗಿ ಎತ್ತುವ ಪ್ರಸಂಗದಲ್ಲಿ ತಲೆಯ ಮೇಲಿನ ವಿದ್ಯುತ್ ತಂತಿಯನ್ನು ಮರೆಯಬಾರದು. ಕೊಳವೆಬಾವಿಯಿಂದ ಕಬ್ಬಿಣದ ಪೈಪನ್ನು ಮೇಲೆತ್ತುವಾಗಲೂ, ಅಡಕೆಯ ಕೊನೆ ಕೀಳುವ ಅಲ್ಯೂಮಿನಿಯಂ ದೋಟಿಯನ್ನು ನಿಲ್ಲಿಸಿಕೊಂಡು ನಡೆಯುವಾಗಲೂ ತಂತಿ ತಗುಲಿದರೆ ಹಿಡಿದವನು ಉಳಿಯುವುದು ಕಷ್ಟ. ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವಾಗ ಮಲಗಿಸಿಯೇ ಒಯ್ಯಬೇಕು. ಡಿಪೋವನ್ನು ತಂತಿಯ ಕೆಳಗೆ ಮಾಡಲೇಬಾರದು.

ಸೈಡ್ ಲೋಡರನ್ನು ಬಾಡಿಗೆಗೆ ತರಲು ಯೋಚಿಸಿರುವ ಸಂಘಗಳವರು, ಕರಾರಿಗೆ ರುಜು ಹಾಕುವ ಮೊದಲು ಡಿಪೋದ ನೆಲವನ್ನು ಮಳೆ ಬಂದ ಮಾರನೆಯ ದಿನ ನೋಡತಕ್ಕದ್ದು. ಕಲ್ಲು ತುಂಬಿದ ಟ್ರೈಲರನ್ನು ಓಣಿಗಳಲ್ಲಿ ಎಳೆಯಿಸಿ, ಗಾಲಿಯ ಜಾಡು ಎಷ್ಟು ಆಳ ಬೀಳುವುದೆಂದು ಪರೀಕ್ಷಿಸಬೇಕು. ಜಾಡು ಆಳವಾಗಿ ಬಿದ್ದಲ್ಲಿ ಮೊದಲು ಜಲ್ಲಿ ಹಾಸಿಸಿ, ನೀರು ಹರಿಯುವ ಕಾಲುವೆ ತೆಗೆಯಿಸಿ, ಮುಂದಿನ ಮಳೆಗಾಲ ಕಳೆದ ನಂತರ ಯಂತ್ರದ ಮಾತನ್ನು ಎತ್ತಬಹುದು. ಅಲ್ಲಿಯವರೆಗೆ ಎರಡು ಒಳ್ಳೆಯ ತೊಲೆಗಳನ್ನೂ, ಪ್ರತಿಯೊಂದೂ ಹದಿನೈದು ಮೀಟರಿಗೆ ಕಡಿಮೆಯಿಲ್ಲದ ಎರಡು ಹೊಸ ಹಗ್ಗಗಳನ್ನೂ, ಉದ್ದ ಹಿಡಿಯ ನಾಲ್ಕು ಬೆಣೆಗಳನ್ನೂ ಸಂಘದ ಕಟ್ಟಡದಲ್ಲಿ ಇಟ್ಟು, ಮರ ಕಡಿಯುವ ರೈತರಿಗೆ ಎರವಲು ಕೊಡುವ ಏರ್ಪಾಡನ್ನು ಈ ತಿಂಗಳಿನಲ್ಲಿಯೇ ಮಾಡಬಹುದು. ಹಗ್ಗದ ಎಳೆಗಳು ಹರಿದಿವೆಯೇ ಎಂದು ಎರವಲು ಕೊಡುವಾಗಲೂ ಹಿಂದಕ್ಕೆ ಪಡೆಯುವಾಗಲೂ ಕೈಯಲ್ಲಿ ಸವರಿ ನೋಡಬೇಕು. ಹರಿದ ಹಗ್ಗವನ್ನು ತುಂಡು ಮಾಡಿ ದನ ಕಟ್ಟುವುದಕ್ಕೆ ಕೊಟ್ಟುಬಿಡತಕ್ಕದ್ದು.